ತೊಳೆಯದ ಬೆನ್ನು

ಸ್ಕಾಟ್ಲೆಂಡಿನ ನಮ್ಮ ಕಾರ್ನ್‌ಮೈರ್ ಗಣಿಯ ಸಾಲುಮನೆಗಳಲ್ಲಿ ಗಂಡಸರು ಬೆನ್ನು ತೊಳೆಸಿಕೊಳ್ಳುತ್ತಿರಲಿಲ್ಲ. ಕೊಳಕರು ಅಂತಲ್ಲ. ಗಣಿಯಿಂದ ಬಂದವರೇ ಒಲೆಯ ಮುಂದಿನ ತಗಡಿನ ತೊಟ್ಟಿಯಲ್ಲಿ ಮಂಡಿಯೂರಿ ಮುಖ, ಕುತ್ತಿಗೆ, ಎದೆ, ತೋಳು ಎಲ್ಲವನ್ನೂ ಸೋಪು ಹಾಕಿ ತಿಕ್ಕುತ್ತಿದ್ದರು. ಬೆನ್ನಿಗೆ ಮಾತ್ರ ನೀರು ತಾಕಿಸುವ ಹಾಗಿಲ್ಲ. ನೀರು ಬಿದ್ದರೆ ಬೆನ್ನಿನ ಬಲ ಹೋಗುತ್ತದೆ, ಬಲ ಹೋದ ಮೇಲೆ ಮೂರಡಿ ಎತ್ತರದ ಸುರಂಗದಲ್ಲಿ ಪಕ್ಕಕ್ಕೆ ಮಲಗಿ ಕಲ್ಲಿದ್ದಲು ಕಡಿಯುವುದು ಹೇಗೆ? ಹೆಂಡತಿಯೋ ತಾಯಿಯೋ ಒಣ ಬಟ್ಟೆಯಲ್ಲಿ ಉಜ್ಜಿದರೆ ಮುಗಿಯಿತು. ಬೆಳಗ್ಗೆ ಹಾಸಿಗೆಯ ಮೇಲೆ ಗಂಡಸಿನ ಬೆನ್ನಿನ ಅಚ್ಚು ಕಪ್ಪಗೆ ಬಿದ್ದಿರುತ್ತಿತ್ತು. ಅದನ್ನು ಒಗೆಯುವುದು ನಮ್ಮ ಹೆಂಗಸರ ಪಾಲು. ಒಗೆದು ಒಗೆದು ನಮ್ಮ ಬೆನ್ನಿನ ಬಲ ಹೋಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿದವರಲ್ಲ.

ನನ್ನಪ್ಪ ವಾಟ್ಟಿ ರ‍್ಯಾಂಕಿನ್ ಹುಡುಗನಾಗಿದ್ದಾಗಿನಿಂದ ಈ ನೇಮ ಪಾಲಿಸಿಕೊಂಡು ಬಂದವನು. ಎದೆಯಲ್ಲಿ ಧೂಳು ಕೂತು, ಬೀದಿಯ ತುದಿಗೆ ನಡೆದರೆ ಉಬ್ಬಸ ಬಂದು, ಇನ್ನು ಕೆಳಗಿಳಿಯಬೇಡ ಅಂತ ವೈದ್ಯರು ಹೇಳಿ, ಸಾವಿರದ ಒಂಬೈನೂರ ನಲವತ್ತಾರರ ಹೊತ್ತಿಗೆ ಎರಡು ವರ್ಷವಾಗಿದ್ದರೂ ಬೆನ್ನಿಗೆ ನೀರು ಸೋಕಿಸಲು ಬಿಟ್ಟಿರಲಿಲ್ಲ.

"ಗಣಿ ಬಿಟ್ಟಾಯ್ತಲ್ಲ, ಇನ್ನಾದ್ರೂ ತೊಳೆಸ್ಕೋ," ಅಂತ ಅಮ್ಮ ವಾರ ವಾರ ಹೇಳುವಳು.

"ಬಿಟ್ಟಿಲ್ಲ ಎಫಿ. ರಜೆಯಲ್ಲಿದ್ದೀನಿ. ಎದೆ ಸರಿಹೋದ ಸೋಮವಾರ ಇಳೀತೀನಿ."

"ಯಾವ ವರ್ಷದ ಸೋಮವಾರ?"

"ನಿನ್ನ ನಾಲಿಗೆ ಸುಮ್ಮನಾದ ವರ್ಷದ್ದು."

ನಮ್ಮ ಮನೆಯಲ್ಲಿ ಬಿಳಿ ಬೆನ್ನಿನ ಗಂಡಸು ಒಬ್ಬನೇ, ನನ್ನಣ್ಣ ಡೂಗಲ್. ಹದಿನಾಲ್ಕಕ್ಕೆ ಗಣಿಗಿಳಿದವನು ಹತ್ತೊಂಬತ್ತಕ್ಕೆ ಮೇಲೆ ಬಂದ, ಕಾಲ್ಚೆಂಡಿನ ದೆಸೆಯಿಂದ. ಎಡ ಅಂಚಿನ ಗೆರೆ ಹಿಡಿದು ಓಡುವುದು, ಅಡ್ಡ ಬಂದವನನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾಟುವುದು, ಚೆಂಡನ್ನು ಗೋಲಿನ ಮುಂದಕ್ಕೆ ತೂರುವುದು, ಇಷ್ಟೇ ಅವನಿಗೆ ಬರುತ್ತಿದ್ದ ವಿದ್ಯೆ. ಅಷ್ಟಕ್ಕೇ ಗ್ಲಾಸ್ಗೋದ ಒಂದು ಕ್ಲಬ್ಬು ಅವನನ್ನು ಸಂಬಳಕ್ಕೆ ಇಟ್ಟುಕೊಂಡಿತು. ಮೊದಲ ಪಂದ್ಯ ಆಡಿ ಬಂದ ದಿನ ಒಲೆಯ ಮುಂದೆ ಅಂಗಿ ಬಿಚ್ಚಿದ. ಬೆನ್ನು ಸುಣ್ಣ ಬಳಿದ ಗೋಡೆಯ ಹಾಗಿತ್ತು.

"ಏನೋ ಇದು?" ಅಂದ ಅಪ್ಪ.

"ಅಲ್ಲಿ ದೊಡ್ಡ ತೊಟ್ಟಿ ಇದೆ ಅಪ್ಪ. ಆಟ ಮುಗಿದ ಮೇಲೆ ಹನ್ನೊಂದು ಜನಾನೂ ಒಟ್ಟಿಗೇ ಇಳೀತೀವಿ. ಆಮೇಲೆ ಒಬ್ಬ ಎಣ್ಣೆ ಹಚ್ಚಿ ತಿಕ್ತಾನೆ."

"ಗಂಡಸು ತಿಕ್ತಾನಾ?"

"ಅದಕ್ಕೇ ಸಂಬಳ ಕೊಡ್ತಾರೆ ಅವನಿಗೆ."

ಅಪ್ಪ ಹೊಗೆಕೊಳವೆ ಬಾಯಿಂದ ತೆಗೆದು ಆ ಬೆನ್ನನ್ನು ನೋಡಿಯೇ ನೋಡಿದ. "ತಡೆಯಲ್ಲ ಈ ಬೆನ್ನು," ಅಂದ. ಹಾಗಂದವನೇ ಗಣಿ ಕೆಲಸಗಾರರ ಸಂಘದ ಕಟ್ಟೆಗೆ ಹೋಗಿ ಮಗನ ಆಟವನ್ನು ಕಂಡಕಂಡವರಿಗೆಲ್ಲ ವರ್ಣಿಸಿ ಬಂದ. ಆ ವಾರವೇ ಒಲೆಯ ಮೇಲಿನ ಗೋಡೆಗೆ ಒಂದು ಮೊಳೆ ಹೊಡೆದ. ಸ್ಕಾಟ್ಲೆಂಡಿನ ತಂಡಕ್ಕೆ ಆಡಿದವರಿಗೆ ಕುಚ್ಚು ಇರುವ ಮಖಮಲ್ಲಿನ ಟೋಪಿ ಕೊಡುತ್ತಾರೆ. ಅದನ್ನು ತಗುಲಿಹಾಕಲು ಈ ಮೊಳೆ. ಅಮ್ಮ ಸದ್ಯಕ್ಕೆ ಇರಲಿ ಅಂತ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅದಕ್ಕೆ ಸಿಕ್ಕಿಸಿದಳು. ದಿನಾ ಅವನು ತೆಗೆಯುವನು, ಇವಳು ಸಿಕ್ಕಿಸುವಳು.

ಮೂವತ್ತೊಂಬತ್ತರಲ್ಲಿ ಯುದ್ಧ ಬಂತು. ಹೊಸ ಋತುವಿನಲ್ಲಿ ನಾಲ್ಕಾರು ಪಂದ್ಯ ಆಗಿತ್ತಷ್ಟೆ. ಲೀಗು ನಿಂತಿತು, ಆಟಗಾರರ ಕರಾರುಗಳೆಲ್ಲ ಬಿದ್ದುಹೋದವು. ಅಣ್ಣನ ಜೊತೆಯವರು ಸೈನ್ಯಕ್ಕೆ ಹೋದರು. ಗಣಿ ಕೆಲಸ ಗೊತ್ತಿದ್ದವನನ್ನು ಸರ್ಕಾರ ಸೈನ್ಯಕ್ಕೆ ಬಿಡುವುದಿಲ್ಲ, ಹೀಗಾಗಿ ಅವನು ಮತ್ತೆ ಕೆಳಗಿಳಿದ. ಯುದ್ಧಕಾಲದ ತಾತ್ಕಾಲಿಕ ಲೀಗೊಂದು ಶುರುವಾದ ಮೇಲೆ ವಾರವೆಲ್ಲ ಕಡಿದು ಶನಿವಾರ ಆಡುತ್ತಿದ್ದ. ಬೆಳಗಿನ ಪಾಳಿ ಮುಗಿಸಿ, ಕಪ್ಪು ಮುಖದಲ್ಲೇ ಬಸ್ಸಿಗೆ ಓಡುವನು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುವರು. ಸಂಜೆ ಬೆಳ್ಳಗಾಗಿ ಬರುವನು. ನಡುವೆ ಮೋರಾಗ್‌ಳನ್ನು ಮದುವೆಯಾದ. ಅವಳು ಪಟ್ಟಣದ ಬೇಕರಿಯವಳು, ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಎರಡೇ ಕೋಣೆಯ ನಮ್ಮ ಮನೆಯಲ್ಲಿ ಹಿಂದಿನ ಕೋಣೆ ಅವರದಾಯಿತು. ಅಪ್ಪ ಅಮ್ಮ ಅಡುಗೆಮನೆಯ ಗೋಡೆಗೂಡಿನ ಮಂಚದಲ್ಲಿ, ನಾನು, ನೆಟ್ಟಿ, ಒಲೆಯ ಪಕ್ಕ ಮಡಚುವ ಹಾಸಿಗೆಯಲ್ಲಿ.

ನಲವತ್ತನಾಲ್ಕರ ವಸಂತದಲ್ಲಿ ಸ್ಕಾಟ್ಲೆಂಡಿನ ಎಡ ಅಂಚಿನವನು ಸೈನ್ಯದಿಂದ ಬರಲಾಗದೆ ಡೂಗಲ್‌ಗೆ ಕರೆ ಬಂತು. ಹ್ಯಾಂಪ್‌ಡನ್ ಮೈದಾನ, ಎದುರಿಗೆ ಇಂಗ್ಲೆಂಡ್, ನೋಡಲು ಲಕ್ಷ ಜನ. ಅಪ್ಪ ಉಬ್ಬಸ ಪಡುತ್ತಲೇ ಮೆಟ್ಟಿಲು ಹತ್ತಿ ನಿಂತು ನೋಡಿದ. ಸೋತೆವು. ಆದರೂ ಡೂಗಲ್ ತನ್ನನ್ನು ತಡೆಯಲು ನಿಂತ ಇಂಗ್ಲೆಂಡಿನವನನ್ನು ಎರಡು ಸಲ ಕೆಸರಲ್ಲಿ ಕೂರಿಸಿದ. ಅಪ್ಪ ಮನೆಗೆ ಬಂದವನೇ ಮೊಳೆಯಿಂದ ಬಟ್ಟೆ ತೆಗೆದೆಸೆದ.

"ಅಪ್ಪ, ಯುದ್ಧದ ಪಂದ್ಯಕ್ಕೆ ಟೋಪಿ ಕೊಡಲ್ಲ. ಅದು ಲೆಕ್ಕಕ್ಕೇ ಇಲ್ಲ," ಅಂತ ಡೂಗಲ್ ಕಡ್ಡಿ ಮುರಿದ ಹಾಗೆ ಹೇಳಿದ.

"ಮಖಮಲ್ಲು ಪಡಿತರದಲ್ಲಿದೆ ಕಣೋ. ಯುದ್ಧ ಮುಗೀಲಿ, ಎಲ್ಲರಿಗೂ ಒಟ್ಟಿಗೇ ಹೊಲಿಸಿ ಕಳಿಸ್ತಾರೆ."

ಯುದ್ಧ ಮುಗಿಯಿತು. ಟೋಪಿ ಬರಲಿಲ್ಲ. ಅಷ್ಟು ಹೊತ್ತಿಗೆ ಅಪ್ಪ ಕೆಲಸ ಬಿಟ್ಟು ಕುರ್ಚಿ ಹಿಡಿದಿದ್ದ. ಒಂದು ದಿನ ಅವನೇ ಎದ್ದು ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದ. ಅಮ್ಮ ನೋಡಿಯೂ ನೋಡದವಳಂತೆ ಗಂಜಿ ತಿರುವುತ್ತಿದ್ದಳು.

ನಲವತ್ತಾರರ ಜೂನ್ ತಿಂಗಳ ಒಂದು ಭಾನುವಾರ ಕ್ಲಬ್ಬಿನ ಲಾರಿಮರ್ ಸಾಹೇಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಅಮ್ಮ ಚಿನ್ನದ ಅಂಚಿನ ಬಟ್ಟಲು ತೆಗೆದಳು. ಮೋರಾಗ್ ಆ ವಾರದ ಬೆಣ್ಣೆಯನ್ನೆಲ್ಲ ಸುರಿದು ಸ್ಕೋನ್ ಬನ್ನು ಮಾಡಿದಳು. ಲಾರಿಮರ್ ಎರಡು ತಿಂದು, ಬಾಯೊರೆಸಿಕೊಂಡು ವಿಷಯಕ್ಕೆ ಬಂದರು.

"ಸೈನ್ಯದಿಂದ ಹುಡುಗರು ವಾಪಸ್ಸು ಬರ್ತಿದ್ದಾರೆ ಡೂಗಲ್. ಒಬ್ಬೊಬ್ಬರೂ ಕುದುರೆ ಇದ್ದ ಹಾಗಿದ್ದಾರೆ. ವಾರ ಪೂರ್ತಿ ಸುರಂಗದಲ್ಲಿ ಬಗ್ಗಿದವನು ಅವರ ಜೊತೆ ಓಡೋಕಾಗಲ್ಲ. ಶನಿವಾರದ ಆಟಗಾರ ನನಗಿನ್ನು ಬೇಡ. ಪೂರಾ ಬರೋದಾದರೆ ಬಾ. ಮೈದಾನದ ಹತ್ತಿರಾನೇ ಎರಡು ಕೋಣೆ ಕೊಡಿಸ್ತೀನಿ. ಜುಲೈ ಕೊನೆಗೆ ಅಭ್ಯಾಸ ಶುರು."

"ಬರದಿದ್ರೆ?"

"ನಿನಗೀಗ ಇಪ್ಪತ್ತೆಂಟು. ಮುಂದಿನ ವರ್ಷ ನಾನು ಈ ಬೆಟ್ಟ ಹತ್ತಿ ಬರೋದಿಲ್ಲಪ್ಪ."

"ಬರ್ತಾನೆ," ಅಂದ ಅಪ್ಪ, ಡೂಗಲ್ ಬಾಯಿ ತೆಗೆಯುವ ಮುಂಚೆ. "ಇಪ್ಪತ್ತೆಂಟು ಒಂದು ವಯಸ್ಸಾ? ಲೆಕ್ಕಕ್ಕಿರೋ ಟೋಪಿ ಇನ್ನೂ ಬರೋದಿದೆ ಅವನಿಗೆ."

ಲಾರಿಮರ್ ನಕ್ಕರು, ಹ್ಯಾಟು ಹಾಕಿಕೊಂಡು ಹೊರಟರು. ಅವರ ಕಾರಿನ ಸದ್ದು ಅಡಗುವ ತನಕ ಎಲ್ಲರ ಮುಖವೂ ಅರಳಿಕೊಂಡಿತ್ತು. ಆಮೇಲೆ ಅಮ್ಮ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಾ ಕೇಳಿದಳು.

"ಇವನು ಹೋದರೆ ಮನೆ ಯಾರ ಹೆಸರಲ್ಲಿ ನಿಲ್ಲುತ್ತೆ?"

ಅಷ್ಟೇ. ಮನೆ ಗಣಿಯವರದು. ಮನೆಯ ಒಬ್ಬ ಗಂಡಸಿನ ಹೆಸರು ಗಣಿಯ ಕೆಲಸದಲ್ಲಿರುವ ತನಕ ಮಾತ್ರ ಆ ಕುಟುಂಬಕ್ಕೆ ಸೂರು. ಅಪ್ಪ ಕೂತ ಮೇಲೆ ಮನೆ ಡೂಗಲ್ ಹೆಸರಿಗೆ ಬಂದಿತ್ತು.

"ನಲವತ್ತು ವರ್ಷ ದುಡಿದಿದ್ದೀನಿ. ನನ್ನ ಬೀದಿಗೆ ಹಾಕ್ತಾರಾ?" ಅಂದ ಅಪ್ಪ.

"ಮೇಲ್ಸಾಲಿನ ಮೀನಾನ ಹಾಕಲಿಲ್ವಾ? ಗಂಡ ಆ ಗಣಿಯೊಳಗೇ ಸತ್ತ. ಅವನ ಹೂವು ಬಾಡೋ ಮುಂಚೆ ಪಾತ್ರೆ ಪಡಗ ಹೊರಗಿಟ್ಟರು."

"ನಮ್ಮ ಜೊತೆ ಬನ್ನಿ ಅತ್ತೆ," ಅಂದಳು ಮೋರಾಗ್.

"ಎರಡು ಕೋಣೇಲಿ ನೀವಿಬ್ಬರು, ಬರೋ ಮಗು, ಇವನ ಕೆಮ್ಮು, ನೆಟ್ಟಿ, ನಾನು. ನನ್ನನ್ನ ಎಲ್ಲಿ ನೇತು ಹಾಕ್ತೀಯಮ್ಮ, ಆ ಮೊಳೆಗಾ?"

ಮೋರಾಗ್‌ಗೆ ನವೆಂಬರಿನಲ್ಲಿ ಹೆರಿಗೆ. ಉಳಿದ ಸ್ಕೋನನ್ನು ಡೂಗಲ್ ಚೂರು ಚೂರು ಮುರಿಯುತ್ತಾ ಕೂತ.

ಆಮೇಲಿನ ವಾರಗಳು ಹೇಗಿದ್ದವು ಎಂದರೆ, ಮನೆಯ ಜಗಳ ಯಾವುದೂ ಮನೆಯ ಬಗ್ಗೆ ಇರುತ್ತಿರಲಿಲ್ಲ. ಚೀಸಿನ ಬಗ್ಗೆ ಇರುತ್ತಿತ್ತು. ಗಣಿಗಿಳಿಯುವವರಿಗೆ ಪಡಿತರದಲ್ಲಿ ಚೀಸು ಹೆಚ್ಚು. ಅದರಲ್ಲೊಂದು ತುಂಡನ್ನು ಅಮ್ಮ ಅಪ್ಪನಿಗೆಂದು ಎತ್ತಿಡುತ್ತಿದ್ದಳು.

"ಅತ್ತೆ, ಡೂಗಲ್‌ನ ಬುತ್ತಿಗೆ ಚೀಸು ಇಡಕ್ಕೆ ಹೋದರೆ ಅರ್ಧಾನೇ ಇಲ್ಲ."

"ಇಲಿ ತಿಂದಿರಬೇಕು."

"ಇಲಿ ಚಾಕುವಿನಲ್ಲಿ ಕುಯ್ದು ತಿನ್ನುತ್ತಾ?"

"ನಮ್ಮ ಮನೆ ಇಲಿಗೆ ಮರ್ಯಾದೆ ಇದೆಯಮ್ಮ. ಹೊರಗಿಂದ ಬಂದೋರಿಗೆ ಗೊತ್ತಾಗಲ್ಲ."

ಜುಲೈಯಲ್ಲಿ ಬ್ರೆಡ್ಡಿಗೂ ಪಡಿತರ ಬಂತು. ಯುದ್ಧದಲ್ಲೇ ಇಲ್ಲದ್ದು ಗೆದ್ದ ಮೇಲೆ ಬಂತು ನೋಡಿ ಅಂತ ಊರೆಲ್ಲ ಬೈಯಿತು. ನಮ್ಮ ಮನೆಯಲ್ಲಿ ಬ್ರೆಡ್ಡಿನ ಬಗ್ಗೆಯೂ ಜಗಳವಾಯಿತು. ಡೂಗಲ್ ಮಾತ್ರ ಯಾವ ಜಗಳಕ್ಕೂ ಸೇರುತ್ತಿರಲಿಲ್ಲ. ಪಾಳಿ ಮುಗಿಸಿ, ತೊಳೆದುಕೊಳ್ಳುವ ಮುಂಚೆಯೇ ಗಣಿಯ ಕಸದ ಗುಡ್ಡಕ್ಕೆ ಹೋಗಿ ಹತ್ತಿ ಇಳಿದು ಓಡುತ್ತಿದ್ದ. ಹೋಗದವನು ಯಾಕೆ ಓಡುತ್ತಾನೆ? ಹೋಗುವವನಾದರೆ ಯಾಕೆ ಬಾಯಿ ಬಿಡುವುದಿಲ್ಲ? ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅವನ ಪಾಡು ಅದು. ನೋಡಿ ನೋಡಿ ನನಗೆ ಸಿಟ್ಟು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ನಾನೂ ಗಣಿಯಲ್ಲೇ ದುಡಿಯುತ್ತಿದ್ದೆ, ಆದರೆ ಮೇಲೆ. ಕೆಳಗಿಂದ ಬಂದ ಕಲ್ಲಿದ್ದಲು ಓಡುವ ಪಟ್ಟಿಯ ಮೇಲೆ ಹೋಗುತ್ತಿರುತ್ತದೆ, ಎರಡು ಕಡೆ ನಿಂತು ಕಲ್ಲು ಆರಿಸಿ ತೆಗೆಯಬೇಕು. ಮೇಜಿನ ಕೆಲಸ ಅಂತೀವಿ. ಹೆಂಗಸರು ಮಾಡುವ ಕೆಲಸ. ಕೈಕಾಲು ಊನವಾದ ಗಂಡಸು ಒಬ್ಬಿಬ್ಬರು ಇರುತ್ತಾರೆ, ಅವರನ್ನು ಕೆಳಗಿನವರು ಅತ್ತಿಗೆ ಅಂತ ಕರೆದು ನಗುತ್ತಾರೆ.

ಒಂದು ದಿನ ಊಟದ ಬಿಡುವಿನಲ್ಲಿ ಮನೆಗಳ ಉಸ್ತುವಾರಿ ನೋಡುವ ಗುಮಾಸ್ತ ಕ್ರೈಟನ್‌ನ ಕಿಟಕಿಗೆ ಹೋದೆ.

"ಒಂಬತ್ತು ವರ್ಷದಿಂದ ನನ್ನ ಹೆಸರು ಗಣಿಯಲ್ಲಿದೆ. ಮನೇನ ನನ್ನ ಹೆಸರಿಗೆ ಮಾಡಿ."

"ಹೆಂಗಸರ ಹೆಸರಿಗೆ ಮನೆ ಕೊಡೋ ಪದ್ಧತಿ ಇಲ್ಲವಲ್ಲಮ್ಮ. ನಾಳೆ ಮದುವೆಯಾಗಿ ಹೋಗ್ತೀಯ."

"ನನ್ನ ಮುಖ ನೋಡಿ ಹೇಳಿ, ನಾಳೆ ಆಗ್ತೀನಾ?"

ಅವನಿಗೂ ನಗು ಬಂತು. "ಗಂಡಸಿನ ಹೆಸರು ಬೇಕು ನೆಟ್ಟಿ. ಯಾವ ಕೆಲಸ ಆದ್ರೂ ಸರಿ. ಮೇಜಿನದಾದರೂ ಸರಿ."

ಮೇಜಿನದಾದರೂ ಸರಿ. ಆ ಮಾತನ್ನು ಬಾಯಲ್ಲಿಟ್ಟುಕೊಂಡು ಎರಡು ವಾರ ಓಡಾಡಿದೆ. ಅಪ್ಪನ ಮುಂದೆ ಹೇಳುವುದು ಹೇಗೆ? ಗಣಿಯ ಅತಿ ಕೆಳಗಿನ ಪದರದಲ್ಲಿ ಕಡಿದವನು, ಕಡಿಯುವವರಲ್ಲೇ ಅವನ ಹೆಸರು ಮುಂದೆ. ಕೊನೆಗೆ ಮಾತು ತಾನಾಗಿಯೇ ಬಿತ್ತು.

ಅಂದು ಮಂಗಳವಾರ. ಓಟ್ಸ್ ಹಿಟ್ಟು ಹಚ್ಚಿ ಹುರಿದ ಮೀನು, ಆಲೂಗಡ್ಡೆ. ಡೂಗಲ್ ಮುಳ್ಳು ಬಿಡಿಸುತ್ತಲೇ ಹೇಳಿದ.

"ಶನಿವಾರ ಗ್ಲಾಸ್ಗೋಗೆ ಹೋಗಿ ಲಾರಿಮರ್‌ಗೆ ಆಗಲ್ಲ ಅಂತ ಹೇಳಿ ಬರ್ತೀನಿ. ಕಾಯಿಸೋದು ಸರಿಯಲ್ಲ."

ಮೋರಾಗ್ ತಟ್ಟೆಯನ್ನು ತಳ್ಳಿದಳು. "ಹೇಳಿ ಬಾ. ಈ ಮಗೂನೂ ಹದಿನಾಲ್ಕಕ್ಕೆ ಕೆಳಗಿಳಿಸು. ಇದರ ಬೆನ್ನಿನ ಅಚ್ಚನ್ನೂ ನಾನೇ ಒಗೀತೀನಿ."

"ನನಗಿಷ್ಟ ಅಂತ ಮಾಡ್ತಿದ್ದೀನೇನೇ? ಇವರನ್ನ ಬೀದಿಗೆ ಹಾಕಿ ಆಡಲಾ ನಾನು? ಓಡೋಕೆ ಕಾಲು ಬರುತ್ತಾ ಆಗ?"

"ಯಾರು ನಿನ್ನ ಇರು ಅಂದಿದ್ದು?" ಅಂತ ಅಪ್ಪ ಗುಡುಗಿದ. ಗುಡುಗಿದ್ದಕ್ಕೆ ಕೆಮ್ಮು ಬಂತು. ಕೆಮ್ಮಿನ ನಡುವೆಯೇ, "ನಾನು ಸೋಮವಾರ ಇಳೀತೀನಿ. ಮನೆ ನನ್ನ ಹೆಸರಿಗೆ ಬರುತ್ತೆ," ಅಂದ.

"ಯಾವ ಸೋಮವಾರ ಅಪ್ಪಾ?" ಅಂದೆ ನಾನು. "ಮನೆ ಬಾಗಿಲಿಂದ ನಲ್ಲಿಗೆ ಹೋಗಿ ಬಂದರೆ ತುಟಿ ನೀಲಿಯಾಗುತ್ತೆ ನಿನಗೆ. ನಿಜವಾಗಲೂ ಮನೆ ಉಳಿಸೋ ಮನಸ್ಸಿದ್ರೆ ಮೇಜಿಗೆ ಬಾ. ಕ್ರೈಟನ್ ಹೇಳಿದಾನೆ, ಅದೂ ಆಗುತ್ತಂತೆ."

ಅಮ್ಮ ನನ್ನ ತೊಡೆಯನ್ನು ಮೇಜಿನ ಕೆಳಗೆ ಚಿವುಟಿದಳು, ಹೊತ್ತು ಮೀರಿತ್ತು.

"ಏನಂದೆ?"

"ಕೇಳಿಸ್ತಲ್ಲ."

"ಹೆಂಗಸರ ಸಾಲಲ್ಲಿ ನಿಂತು ಕಲ್ಲು ಹೆಕ್ಕಲಾ? ವಾಟ್ಟಿ ರ‍್ಯಾಂಕಿನ್?"

"ನಾನು ಒಂಬತ್ತು ವರ್ಷದಿಂದ ಹೆಕ್ತಾ ಇದ್ದೀನಿ. ನನ್ನ ಅನ್ನ ನಿನಗೆ ರುಚಿಯಾಗೇ ಇತ್ತಲ್ಲ."

ಅಪ್ಪ ಎದ್ದು, ಗೋಡೆಗೂಡಿನ ಮಂಚಕ್ಕೆ ಹೋಗಿ ಪರದೆ ಎಳೆದುಕೊಂಡ. ಮೀನು ತಟ್ಟೆಯಲ್ಲೇ ಉಳಿಯಿತು. "ಅವನ ಮುಂದೆ ಇನ್ನೊಂದು ಸಲ ಆ ಮಾತು ಎತ್ತಿದರೆ ನಾಲಿಗೆ ಕೀಳ್ತೀನಿ," ಅಂತ ಅಮ್ಮ ನನಗೆ ಪಿಸುಗುಟ್ಟಿದಳು. ಆ ಮೀನನ್ನು ಮುಚ್ಚಿ ಬೆಚ್ಚಗಿಟ್ಟಳು.

ಬುಧವಾರ ಅಪ್ಪ ಸಂಘದ ಓದುಕೋಣೆಗೆ ಅಂತ ಹೋದವನು ಸಂಜೆಗೆ ಬಂದ. ಗುರುವಾರ ಬೆಳಗ್ಗೆ ನಾನು ಏಳುವಾಗಲೇ ಮಂಚ ಖಾಲಿ ಇತ್ತು.

"ಕಾಲಾಡಿಸಿ ಬರ್ತೀನಿ ಅಂದ," ಅಂದಳು ಅಮ್ಮ. ಅವಳ ಮುಖ ಸರಿಯಿರಲಿಲ್ಲ. "ಬುತ್ತಿ ಡಬ್ಬಿ ಎಲ್ಲೋ ಕಾಣ್ತಿಲ್ಲ ಕಣೇ."

ಮೇಜಿನ ಕೊಟ್ಟಿಗೆಗೆ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಮೆಟ್ಟಿಲ ಅರ್ಧಕ್ಕೆ ಅಪ್ಪ ಕೂತಿದ್ದ. ಡಬ್ಬಿ ತೊಡೆಯ ಮೇಲಿತ್ತು. ಹುಡುಗಿಯರು ಪಕ್ಕದಿಂದ ಒತ್ತರಿಸಿಕೊಂಡು ಹತ್ತುತ್ತಿದ್ದರು.

"ಅಪ್ಪಾ, ಇಲ್ಲೇನು ಮಾಡ್ತಿದ್ದೀಯ?"

"ಉಸಿರಾಡ್ತಿದ್ದೀನಿ. ಅಡ್ಡಿ ಇದೆಯಾ?"

ಮೊನ್ನೆಯ ಮಾತು ಆಡದೇ ಇದ್ದಿದ್ದರೆ ಅನ್ನಿಸಿತು. ಕೈ ಚಾಚಿದೆ. ಹಿಡಿಯಲಿಲ್ಲ. ಕಂಬಿ ಹಿಡಿದು ತಾನೇ ಎದ್ದ.

ಮೇಲೆ ಕರ್ಸ್ಟಿ ಇದ್ದಳು, ನಮ್ಮ ಮೇಜಿನ ಯಜಮಾನಿ. ಎಂಥ ಗಂಡಸಿನ ನೀರನ್ನೂ ಇಳಿಸುವ ಬಾಯಿ. ಅವಳು ಏನನ್ನುತ್ತಾಳೋ ಅಂತ ನನ್ನ ಜೀವ ಹಿಡಿಯಷ್ಟಾಗಿತ್ತು.

"ಬಂದ್ರಾ ವಾಟ್ಟಿ? ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು ಇಲ್ಲಿ. ಕೂದಲಿಗೆ ಧೂಳು ಹಿಡಿಯುತ್ತೆ."

"ಕೂದಲಿದ್ರೆ ತಾನೇ?"

"ಹಾಗಾದರೆ ಮೂಗಿಗೆ ಕಟ್ಟಿ." ಕರ್ಸ್ಟಿ ತನ್ನ ಚೀಲದಿಂದ ಇನ್ನೊಂದು ಚೌಕ ತೆಗೆದಳು. ಹಳದಿ ಹೂವಿನದು. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ, ಮೂಗು ಬಾಯಿ ಮುಚ್ಚುವ ಹಾಗೆ ಕಟ್ಟಿಕೊಂಡ.

"ಎಲ್ಲಿ ನಿಲ್ಲಲಿ?" ಅಂತ ನನ್ನನ್ನು ಕೇಳಿದ.

ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಪಟ್ಟಿ ಓಡತೊಡಗಿತು. ಅವನ ತಪ್ಪು ಏನೆಂದರೆ, ಕೈಗೆ ಬಂದ ಪ್ರತಿ ತುಂಡನ್ನೂ ತಿರುಗಿಸಿ ನೋಡುವನು. ಇದು ಪೂರ್ವದ ಸುರಂಗದ್ದು, ಇದು ನಾನೂ ನನ್ನ ಜೊತೆಗಾರ ಜಾಕೂ ಕಡೀತಿದ್ದ ಪದರದ್ದು ಅಂತ ಚೌಕದೊಳಗೇ ಗೊಣಗುವನು. ಅಷ್ಟರಲ್ಲಿ ನಾಲ್ಕು ಕಲ್ಲು ದಾಟಿ ಹೋಗಿರುತ್ತಿದ್ದವು.

"ಅಪ್ಪ, ನೆಂಟರ ಮುಖ ನೋಡ್ದಂಗೆ ನೋಡ್ಬೇಡ. ಕಲ್ಲು ಕಂಡ್ರೆ ಎತ್ತು, ಎಸಿ."

"ಹೂಂ ಕಣಮ್ಮ, ಮೇಸ್ತ್ರಿ."

ಮಧ್ಯಾಹ್ನ ಕೆಳಗಿನವರ ಪಾಳಿ ಬದಲಾಯಿತು. ಅಂಗಳದಲ್ಲಿ ಹೋಗುತ್ತಿದ್ದವನೊಬ್ಬ ಕತ್ತೆತ್ತಿ ನೋಡಿ, "ಏನು ಅತ್ತಿಗೆ, ಹೂವಿನ ಬಟ್ಟೆ ಚೆನ್ನಾಗಿದೆ!" ಅಂತ ಕೂಗಿದ. ಅಪ್ಪ ಚೌಕ ಕೆಳಗಿಳಿಸಿದ.

"ನಿಮ್ಮಮ್ಮನದು ಕಣೋ! ವಾಪಸ್ಸು ಕೊಡೋಕೆ ಮರೆತೆ ಅಂತ ಹೇಳು!"

ಮೇಜಿನ ಹೆಂಗಸರೆಲ್ಲ ಕೇಕೆ ಹಾಕಿ ನಕ್ಕರು. ಕರ್ಸ್ಟಿ ಮೇಜು ಕುಟ್ಟಿದಳು. ನಗದವನು ಅಪ್ಪ ಒಬ್ಬನೇ. ಚೌಕ ಮೇಲೆಳೆದುಕೊಂಡು ಕಲ್ಲು ಎತ್ತಿದ. ಅವನ ಕಣ್ಣು ಒದ್ದೆಯಾಗಿದ್ದದ್ದು ಧೂಳಿಗೋ ಬೇರೆ ಯಾವುದಕ್ಕೋ ನಾನು ಕೇಳಲಿಲ್ಲ.

ಗಣಿಯೊಳಗೆ ಸುದ್ದಿ ಗಾಡಿಗಿಂತ ಬೇಗ ಓಡುತ್ತದೆ. ನಾವು ಮನೆ ಸೇರುವಾಗ ಡೂಗಲ್ ಇನ್ನೂ ಕಪ್ಪು ಮುಖದಲ್ಲಿ, ತೊಟ್ಟಿಗೂ ಇಳಿಯದೆ ಕಾಯುತ್ತಿದ್ದ.

"ಯಾರು ಹೇಳಿದ್ದು ನಿನಗೆ ಹೋಗು ಅಂತ?"

"ಬೂಟು ಬಿಚ್ಚೋಕೆ ಬಿಡ್ತೀಯಾ?"

"ಅಲ್ಲೂ ಧೂಳಿದೆ ಅಪ್ಪ! ಡಾಕ್ಟ್ರು ಏನು ಹೇಳಿದ್ರು ನಿನಗೆ?"

"ಈ ಕುರ್ಚಿ ಮೇಲೂ ಸಾಯ್ತಾ ಇದ್ದೆ ಕಣೋ, ನಿಧಾನವಾಗಿ. ನೀನು ನೋಡಿರಲಿಲ್ಲ." ಅಪ್ಪ ಬೂಟು ಬಿಚ್ಚಿ ಒಲೆಯ ಪಕ್ಕ ಜೋಡಿಸಿಟ್ಟ. "ನಿನ್ನೆ ಕ್ರೈಟನ್‌ನ ಕಂಡೆ. ನೀನು ಬಿಟ್ಟ ದಿನ ಮನೆ ನನ್ನ ಹೆಸರಿಗೆ. ಶನಿವಾ‍ರ ಹೋಗಿ ಆ ಲಾರಿಮರ್‌ಗೆ ಬರ್ತೀನಿ ಅಂತ ಹೇಳು. ಹೇಳದೇ ವಾಪಸ್ಸು ಬಂದರೆ ಈ ಬಾಗಿಲು ತೆಗೆಯಲ್ಲ."

ಮೋರಾಗ್ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತವಳು ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು.

ನಮ್ಮಲ್ಲಿ ದುಡಿದು ಬಂದವರಲ್ಲಿ ಹಿರಿಯ ಮೊದಲು ತೊಟ್ಟಿಗೆ. ಎರಡು ವರ್ಷದಿಂದ ಮೊದಲ ನೀರು ಡೂಗಲ್‌ನದಾಗಿತ್ತು. ಅವನು ಸರಿದು ಜಾಗ ಬಿಟ್ಟ. ಅಪ್ಪ ಅಂಗಿ ಬಿಚ್ಚಿ ಮಂಡಿಯೂರಿದ. ಮುಖ ತೊಳೆದ, ಎದೆ ತೊಳೆದ. ಅಮ್ಮ ಯಾವತ್ತಿನಂತೆ ಒಣ ಬಟ್ಟೆ ಹಿಡಿದು ಹಿಂದೆ ನಿಂತಳು.

"ಅದನ್ನ ಇಡು," ಅಂದ ಅಪ್ಪ. "ಸೋಪು ತಗೋ."

"ಯಾತಕ್ಕೆ?"

"ಬೆನ್ನಿಗೆ."

ಅಮ್ಮನ ಕೈ ನಿಂತಿತು. ಎರಡು ವರ್ಷ ವಾರ ವಾರ ಬೇಡಿದವಳು, "ಬಲ ಹೋಗುತ್ತಲ್ಲ ವಾಟ್ಟಿ," ಅಂದಳು.

"ಕಲ್ಲು ಹೆಕ್ಕೋಕೆ ಯಾವ ಬಲ ಬೇಕು? ಇನ್ನು ಕೆಳಗಿಳಿಯಲ್ಲ ಎಫಿ. ತೊಳಿ."

ಅವಳಿಗೆ ಆಗಲಿಲ್ಲ. ಸೋಪು ಕೈಯಿಂದ ಜಾರಿ ನೀರಿಗೆ ಬಿತ್ತು. ಡೂಗಲ್ ಮಂಡಿಯೂರಿ, ಅದನ್ನು ಹುಡುಕಿ ತೆಗೆದ. "ನನಗೆ ಬಿಡಮ್ಮ. ನನಗೆ ಗೊತ್ತು ಹೇಗೆ ತಿಕ್ಕೋದು ಅಂತ." ಕ್ಲಬ್ಬಿನವನು ತನಗೆ ತಿಕ್ಕುತ್ತಿದ್ದ ಹಾಗೆ, ಕುತ್ತಿಗೆಯಿಂದ ಕೆಳಕ್ಕೆ, ಹೆಬ್ಬೆರಳು ಒತ್ತಿ ಒತ್ತಿ ತಿಕ್ಕಿದ. ಅಮ್ಮ ಕೆಟಲಿನಿಂದ ಬಿಸಿನೀರು ಬಗ್ಗಿಸಿದಳು. ನಾನು ಎರಡು ಸಲ ನೀರು ಚೆಲ್ಲಿ ಬಂದೆ.

"ಮೆಲ್ಲಗೆ ಕಣೋ. ಚರ್ಮ ಬಿಡು."

"ಚರ್ಮ ಇನ್ನೂ ಸಿಕ್ಕಿಲ್ಲ ಅಪ್ಪ."

ಮೂರನೇ ನೀರಿಗೆ ಬೆನ್ನು ಕಂಡಿತು. ಬೆಳ್ಳಗೆ, ತೆಳ್ಳಗೆ, ಎಲುಬೆಲ್ಲ ಎದ್ದು, ಕಲ್ಲು ಬಿದ್ದ ಗಾಯದ ನೀಲಿ ಗೆರೆಗಳು ಅಲ್ಲಲ್ಲಿ. ಅಷ್ಟು ದೊಡ್ಡ ಬೆನ್ನು ಅಂದುಕೊಂಡಿದ್ದೆವು. ಮಸಿ ಹೋದ ಮೇಲೆ ಅದು ಒಬ್ಬ ಮುದುಕನ ಬೆನ್ನು.

"ಹೇಗಿದೆ?" ಅಂತ ಅಪ್ಪ ಕೇಳಿದ.

"ಮದುವೆಯಾಗಿ ಮೂವತ್ತು ವರ್ಷ ಆಯ್ತು," ಅಂದಳು ಅಮ್ಮ. "ಇವತ್ತು ನೋಡ್ತಿದ್ದೀನಿ."

ಶನಿವಾರ ಡೂಗಲ್ ಗ್ಲಾಸ್ಗೋಗೆ ಹೋಗಿ, ಲಾರಿಮರ್‌ಗೆ ಬರ್ತೀನಿ ಅಂತಲೇ ಹೇಳಿ ಬಂದ. ನಾಲ್ಕು ಋತು ಆಡಿದ. ಎರಡು ವರ್ಷ ಚೆನ್ನಾಗಿ, ಒಂದು ವರ್ಷ ಹಾಗೂ ಹೀಗೂ, ಕೊನೆಯ ವರ್ಷ ಮಂಡಿಗೆ ಪಟ್ಟಿ ಸುತ್ತಿಕೊಂಡು. ಸ್ಕಾಟ್ಲೆಂಡಿನ ತಂಡಕ್ಕೆ ಒಮ್ಮೆ ಹೆಸರು ಬಂತು, ಪಂದ್ಯವಿಡೀ ಕೋಟು ಹೊದ್ದು ಅಂಚಿನಲ್ಲಿ ಕೂತ. ಕೂತವರಿಗೆ ಟೋಪಿ ಕೊಡುವುದಿಲ್ಲ. ಆಮೇಲೆ ನಗರಸಭೆಯ ಆಟದ ಮೈದಾನಗಳ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅವನ ಮಗ ಗಣಿಯ ಮುಖ ನೋಡಲಿಲ್ಲ. ಅಪ್ಪ ಮೂರು ವರ್ಷ ನನ್ನ ಪಕ್ಕ ನಿಂತು ಕಲ್ಲು ಹೆಕ್ಕಿದ, ಶನಿವಾರ ಶನಿವಾರ ರೇಡಿಯೋದ ಫಲಿತಾಂಶಕ್ಕೆ ಕಿವಿಯಿಟ್ಟ. ಮೊಳೆಯಲ್ಲಿ ಪಾತ್ರೆಯ ಬಟ್ಟೆ ಖಾಯಂ ಆಯಿತು.

ಇದೆಲ್ಲ ಆಮೇಲಿನ ಮಾತು. ಬೆನ್ನು ತೊಳೆದ ಮಾರನೇ ಬೆಳಗ್ಗೆ ಅಪ್ಪ ನನಗಿಂತ ಮುಂಚೆ ಹೊರಟಿದ್ದ, ಮೆಟ್ಟಿಲಿಗೆ ಹೊತ್ತು ಬೇಕು ಅಂತ. ನಾನು ತಲೆಗೆ ಚೌಕ ಕಟ್ಟಿಕೊಳ್ಳುತ್ತಿದ್ದೆ. ಅಮ್ಮ ಗೋಡೆಗೂಡಿನ ಮಂಚದ ಪರದೆ ಸರಿಸಿ ಹಾಸಿಗೆ ಸರಿಮಾಡಲು ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಹೋಗಿ ನೋಡಿದೆ. ಹಾಸಿಗೆಯ ಬಟ್ಟೆಯಲ್ಲಿ ಅವನು ಮಲಗಿದ್ದ ಜಾಗದಲ್ಲಿ ಅಚ್ಚು ಇರಲಿಲ್ಲ.

"ಒಳ್ಳೇದಾಯ್ತಲ್ಲಮ್ಮ, ಒಗೆಯೋದು ತಪ್ಪಿತು," ಅಂದೆ.

ಅಮ್ಮ ಆ ಜಾಗವನ್ನು ಅಂಗೈಯಿಂದ ಸವರಿದಳು. ಮೂವತ್ತು ವರ್ಷ ಆ ಕಪ್ಪನ್ನು ಶಪಿಸಿಕೊಂಡು ಒಗೆದವಳು, ಮಂಚದ ಅಂಚಿಗೆ ಕೂತು, ಆ ಬಿಳಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.